ನೇರಳೆ ಹೂವಿನ ಕ್ಯಾಲೆಂಡರ್

ಆಫ್ರಿಕಾದಲ್ಲಿ ನಡೆಯುವ ಸಂಶೋಧನೆಗೆ ಸಿಂಗಾಪುರದಲ್ಲಿ ಕೂತು ದುಡ್ಡು ಹುಡುಕುವುದು ಆ ವರ್ಷಗಳಲ್ಲಿ ನನ್ನ ಹೊಟ್ಟೆಪಾಡಾಗಿತ್ತು. ಧಾರವಾಡಕ್ಕೆ ಫೋನ್ ಮಾಡಿದಾಗಲೆಲ್ಲ ಅವ್ವ ಕೇಳುತ್ತಿದ್ದಳು, “ಅಲ್ಲಿ ಕುಂತು ನೀ ಮಾಡೂದರ ಏನವಾ?” “ಭಿಕ್ಷಾ ಬೇಡೂದು,” ಅನ್ನುತ್ತಿದ್ದೆ. ಅವ್ವ ನಗುತ್ತಿದ್ದಳು. ನಗಿಸುವುದಕ್ಕೆ ಹೇಳಿದ ಮಾತಾಗಿರಲಿಲ್ಲ ಅದು.

ಕೆಲಸ ಹೀಗಿತ್ತು. ಯುರೋಪಿನ ದೊಡ್ಡ ಸಂಸ್ಥೆಯೊಂದು ಆಫ್ರಿಕಾದ ಬೇಸಾಯ, ನೀರು, ಆರೋಗ್ಯದ ಸಂಶೋಧನೆಗಳಿಗೆ ಹಣ ಕೊಡುತ್ತಿತ್ತು. ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಏಷ್ಯಾದ ಪಾಲುದಾರರಿಂದ ತಂದು ತೋರಿಸಬೇಕು. ಅದಕ್ಕೆ ಪೂರಕ ನಿಧಿ ಎಂದು ಹೆಸರು. ಅದನ್ನು ಕೂಡಿಸಿಕೊಡುವುದಕ್ಕೆಂದೇ ಇದ್ದ ಸಣ್ಣ ಆಫೀಸು ನಮ್ಮದು. ಪಾಲುದಾರರ ಬಳಿ ಹೋದರೆ, “ಅವರು ಮೊದಲು ಕೊಡಲಿ, ಆಮೇಲೆ ನಾವು” ಎನ್ನುತ್ತಿದ್ದರು. ಯುರೋಪಿನವರಿಗೆ ಹೇಳಿದರೆ, “ಅವರು ಸಹಿ ಹಾಕಲಿ, ಮರುದಿನವೇ ನಮ್ಮದು” ಎನ್ನುತ್ತಿದ್ದರು. ಹುಚ್ಚು ಬಿಟ್ಟ ಹೊರತು ಮದುವೆಯಾಗುವುದಿಲ್ಲ, ಮದುವೆಯಾದ ಹೊರತು ಹುಚ್ಚು ಬಿಡುವುದಿಲ್ಲ. ಈ ಗಾದೆಯನ್ನು ಇಂಗ್ಲಿಷಿನಲ್ಲಿ ನನ್ನ ಬಾಸ್‌ಗೆ ವಿವರಿಸಲು ಒಮ್ಮೆ ಪ್ರಯತ್ನಪಟ್ಟೆ. ಅವಳು ಸಿಂಗಾಪುರದಲ್ಲೇ ಹುಟ್ಟಿ ಬೆಳೆದ ಚೀನೀ ಹೆಂಗಸು, ಚುರುಕು ಬುದ್ಧಿಯವಳು. “ಯಾರ ಮದುವೆ?” ಎಂದು ಕೇಳಿ, ಕಾಫಿಗೆ ಹೊರಟುಹೋದಳು.

ಕೊಡುವವರು ಎಂಥೆಂಥವರು! ಆಫ್ರಿಕಾ ಅಂದರೆ ಒಂದು ಊರು ಅಂದುಕೊಂಡವರು. ಸಿಂಹದ ಫೋಟೋ ಇಲ್ಲವೇ ಎಂದು ಕೇಳಿದವರು. ಮೂರು ಸಲ ಊಟಕ್ಕೆ ಕರೆದು, ಮೂರು ಸಲವೂ ಬಿಲ್ಲು ನಮ್ಮ ಆಫೀಸಿನ ತಲೆಗೆ ಕಟ್ಟಿ, ಕೊನೆಗೆ “ಈ ವರ್ಷ ನಮ್ಮ ಗಮನ ಸಮುದ್ರದ ಆಮೆಗಳ ಮೇಲೆ” ಎಂದವರು. ನನಗೆ ಆಮೆಗಳ ಮೇಲೆ ಸಿಟ್ಟಿಲ್ಲ. ಊಟಕ್ಕೆ ಕರೆಯುವ ಮೊದಲೇ ಹೇಳಬಹುದಿತ್ತು, ಅಷ್ಟೆ.

ಇಂಥ ಕಾಲದಲ್ಲಿ ಪೂರ್ವ ಉಗಾಂಡದ ಒಬ್ಬ ಕೃಷಿ ವಿಜ್ಞಾನಿಯ ಕೆಲಸ ನನ್ನ ಪಾಲಿಗೆ ಬಂತು. ಆಕೆಗೆ ನನಗಿಂತ ಐದಾರು ವರ್ಷ ಹೆಚ್ಚು. ಆಕೆಯ ವಿಷಯ ರಾಗಿ. ಅಲ್ಲಿ ರಾಗಿ ಹೊಲಗಳಿಗೆ ಒಂದು ಕಳೆ ಬೀಳುತ್ತದೆ. ನೇರಳೆ ಹೂವಿನ ಸಣ್ಣ ಗಿಡ, ನೋಡಲು ಸುಂದರ. ಮಣ್ಣೊಳಗೆ ರಾಗಿಯ ಬೇರಿಗೆ ಬಾಯಿ ಹಾಕಿ ಹೀರುತ್ತದೆ. ಅದು ಹೂಬಿಡುವ ಹೊತ್ತಿಗೆ ರಾಗಿ ಒಣಗಿ ನಿಂತಿರುತ್ತದೆ. ಬೀಜ ಧೂಳಿನಷ್ಟು ಸಣ್ಣದು, ಒಮ್ಮೆ ಬಿದ್ದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಕಾದು ಕೂತಿರುತ್ತದೆ. ಆದರೆ ಒಂದು ಗುಡ್ಡದ ಹಳ್ಳಿಗಳಲ್ಲಿ ಕೆಲವು ಮುದುಕಿಯರ ಹೊಲದ ರಾಗಿ ಮಾತ್ರ ಈ ಕಳೆಗೆ ಜಗ್ಗದೆ ನಿಂತದ್ದನ್ನು ಆಕೆ ಕಂಡಿದ್ದಳು. ಅದು ಕಪ್ಪು ಕಾಳಿನ ಹಳೆಯ ರಾಗಿ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅವರ ಮಡಕೆಗಳಲ್ಲಿ ಮಾತ್ರ ಇರುತ್ತದೆ. ಆ ಬೀಜ ಯಾಕೆ ತಡೆದುಕೊಳ್ಳುತ್ತದೆ ಎಂದು ತಿಳಿಯಬೇಕು, ತಿಳಿದು ಉಳಿದ ಜಿಲ್ಲೆಗಳಿಗೂ ಹಂಚಬೇಕು, ಇದೇ ಆಕೆಯ ಸಂಶೋಧನೆ. ಯುರೋಪಿನವರು ಆರಂಭಕ್ಕೆಂದು ಕೊಟ್ಟ ಸಣ್ಣ ಮೊತ್ತದಲ್ಲಿ ಮೊದಲ ಬೆಳೆಯ ಅಧ್ಯಯನ ಮುಗಿದಿತ್ತು, ಆಕೆ ತಂದಿದ್ದ ಮಾದರಿ ಬೀಜವೂ ಪರೀಕ್ಷೆಗಳಲ್ಲೇ ಖರ್ಚಾಗಿತ್ತು. ಮುಂದಿನ ಬಿತ್ತನೆಗೆ ಮೊದಲು ಪೂರಕ ನಿಧಿ ಬರದಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಆಕೆ ಮುದುಕಿಯರಿಗೆ ಹೇಳಿ ಬಂದಿದ್ದಳು, “ಮಡಕೆಯ ಬೀಜ ಮುಗಿಸಬೇಡಿ, ನಾನು ಬರುತ್ತೇನೆ.”

ದುಡ್ಡು ಕೊಡುವವರ ಮುಂದೆ ಮಾತಾಡಲು ಆಕೆ ಸಿಂಗಾಪುರಕ್ಕೆ ಬಂದಳು. ಹೋಟೆಲಿನ ತಿಂಡಿ ಗಂಟಲಲ್ಲಿ ಇಳಿಯುತ್ತಿಲ್ಲ ಅಂದಾಗ ಬುಕಿತ್ ಪಂಜಾಂಗ್‌ನ ನನ್ನ ಮನೆಗೆ ಕರೆತಂದೆ. ನಾನು ಜೋಳದ ರೊಟ್ಟಿಯವಳು, ಮುದ್ದೆ ಕಟ್ಟುವುದು ನನ್ನ ಕೈಗೆ ಬಂದದ್ದಲ್ಲ. ಆದರೂ ಉತ್ಸಾಹದಲ್ಲಿ ಲಿಟಲ್ ಇಂಡಿಯಾದಿಂದ ರಾಗಿ ಹಿಟ್ಟು ತಂದಿದ್ದೆ. ಪಾತ್ರೆಯಲ್ಲಿ ಗಂಟು ಗಂಟಾಗಿ ನಿಂತದ್ದನ್ನು ನೋಡಿ ಆಕೆ ನನ್ನ ಕೈಯಿಂದ ಸೌಟು ಕಿತ್ತುಕೊಂಡಳು.

“ಇದನ್ನ ಯಾರಿಗೆ ಬಡಿಸಬೇಕು ಅಂತ ಮಾಡಿದ್ದೀರಿ? ಶತ್ರುಗಳಿಗಾ?”

ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಹಿಡಿದು, ಹಳೇ ಮೈಸೂರಿನ ಹೆಂಗಸರ ಹಾಗೆಯೇ ತಿರುವಿದಳು. ಅದೇ ಮುದ್ದೆ. ನಮ್ಮವರ ಹಾಗೆಯೇ ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ರಾಗಿ ಹುಟ್ಟಿದ್ದು ತಮ್ಮ ಕಡೆಯ ಬೆಟ್ಟಗಳಲ್ಲೇ, ಅಲ್ಲಿಂದ ನಮ್ಮ ನಾಡಿಗೆ ಬಂದದ್ದು ಎಂದು ಅವತ್ತು ಆಕೆಯ ಬಾಯಿಂದಲೇ ತಿಳಿದೆ. ಅಷ್ಟು ನಕ್ಕ ಮಧ್ಯಾಹ್ನ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ನಾಲ್ಕು ಕಡೆ ಹೋದೆವು, ನಾಲ್ಕು ಕಡೆಯೂ ಇಲ್ಲ. ಆಗ ಬಾಸ್ ನನ್ನ ಕಡೆ ತಿರುಗಿ, ಆ ಊರಿನವರ ರೂಢಿಯಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ ಹೇಳಿದಳು. “ನಿಮ್ಮ ಕಮ್ಯುನಿಟಿಯ ಆ ಟ್ರಸ್ಟ್ ಇದೆಯಲ್ಲ, ಕೇಳು ಲಾ. ನಿನ್ನ ಜನ ತಾನೆ?”

ನನ್ನ ಜನ. ಉತ್ತರ ಕರ್ನಾಟಕದ ಊರುಗಳಿಂದ ಬಂದ ಶೈವ ಮನೆತನದವರು ನಾವು ಕೆಲವು ಕುಟುಂಬಗಳು ತಿಂಗಳಿಗೊಮ್ಮೆ ಒಂದೆಡೆ ಸೇರುತ್ತಿದ್ದೆವು. ಪೂಜೆ, ವಚನ, ಆಮೇಲೆ ಪ್ರಸಾದ. ನಮ್ಮೊಳಗೆ ಹಿರಿಯರೊಬ್ಬರು, ಎಲ್ಲರ ಬಾಯಲ್ಲೂ ಅಂಕಲ್. ಸೆಂಬವಾಂಗ್‌ನಲ್ಲಿ ದೊಡ್ಡ ಗೋದಾಮು ಇಟ್ಟುಕೊಂಡು, ಬಂದು ನಿಲ್ಲುವ ಹಡಗುಗಳಿಗೆ ಬೇಕಾದ ಸಾಮಾನೆಲ್ಲ ಪೂರೈಸುವ ವ್ಯಾಪಾರ ಅವರದು. ಅಕ್ಕಿಯಿಂದ ಹಿಡಿದು ಸಾಬೂನಿನ ತನಕ. ತಂದೆಯ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡಿದ್ದರು. “ಇದು ದಾನ ಅಲ್ಲ, ದಾಸೋಹ” ಎಂದು ಪ್ರತಿ ತಿಂಗಳೂ ಒಮ್ಮೆಯಾದರೂ ಹೇಳುತ್ತಿದ್ದರು. ಒಳ್ಳೆಯವರು ಎಂದು ನಾನೂ ನಂಬಿದ್ದೆ.

ಆ ಭಾನುವಾರ ಅವರ ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಸೇರಿದ್ದೆವು. ಪೂಜೆ ಮುಗಿದ ಮೇಲೆ ಉಗಾಂಡದ ಆ ವಿಜ್ಞಾನಿ, ನಮ್ಮೆಲ್ಲರ ಬಾಯಲ್ಲಿ ‘ಡಾಕ್ಟರ್’, ಮಾತಾಡಿದಳು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೇ ಕೂತು, ಲ್ಯಾಪ್‌ಟಾಪಿನಿಂದ ಗೋಡೆಗೆ ಫೋಟೋ ಬಿಡುತ್ತ ಹೇಳಿದಳು. ರಾಗಿ ಬೀಸುವ ಕಲ್ಲು ಕಂಡಾಗ ಅಂಕಲ್ ಕಣ್ಣೊರೆಸಿಕೊಂಡರು. “ನಮ್ಮವ್ವನೂ ಹಿಂಗ ಬೀಸಾಕಿ,” ಎಂದು ಪಕ್ಕದವರಿಗೆ ಹೇಳಿದರು. ನನ್ನ ಕಡೆ ತಿರುಗಿ, “ಆತು ತಂಗಿ, ಮಾಡೋಣಂತ. ಪೂರಾ ನಾವಾ ಕೊಡೂಣು,” ಎಂದರು. ನನ್ನ ಎದೆ ಹಗುರವಾಯಿತು. ಸುಳ್ಳೇಕೆ, ಮನಸ್ಸಿನಲ್ಲೇ ಅವರ ಕಾಲಿಗೆ ಬಿದ್ದೆ.

ಆಗ ಮುಂದಿನ ಫೋಟೋ ಬಂತು. ಒಂದು ದೊಡ್ಡ ಮಡಕೆ. ಸುತ್ತ ಮುದುಕರು, ಮುದುಕಿಯರು. ಎಲ್ಲರ ಬಾಯಲ್ಲೂ ಉದ್ದನೆಯ ಕೊಳವೆ, ಕೊಳವೆಗಳ ಇನ್ನೊಂದು ತುದಿ ಮಡಕೆಯೊಳಗೆ. ಅಂಕಲ್ ಹೆಂಡತಿ, ನಮ್ಮೆಲ್ಲರ ಆಂಟಿ, ಮುಂದೆ ಬಗ್ಗಿ ನೋಡಿದರು. “ಇವರೆಲ್ಲಾ ಏನ್ ಕುಡ್ಯಾಕತ್ಯಾರ್ರಿ? ಅಂಬಲಿ ಏನು?”

ನಾನು ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದೆ. ಡಾಕ್ಟರ್ ಇಂಗ್ಲಿಷಿನಲ್ಲೇ ನೆಟ್ಟಗೆ ಉತ್ತರ ಕೊಟ್ಟಳು. “ಅಲ್ಲ ಅಮ್ಮಾ, ಹೆಂಡ. ನಮ್ಮ ರಾಗಿ ಹೆಂಡ. ಮದುವೆಗೂ ಬೇಕು, ಸಾವಿಗೂ ಬೇಕು. ಹೆಂಗಸರು ಇದನ್ನು ಮಾಡಿ ಮಾರಿ ಮಕ್ಕಳ ಸ್ಕೂಲ್ ಫೀಸ್ ಕಟ್ಟುತ್ತಾರೆ. ನನ್ನ ಫೀಸನ್ನೂ ನಮ್ಮಜ್ಜಿ ಹೀಗೇ ಕಟ್ಟಿದ್ದು. ಈ ಮಡಕೆಯಿಂದಲೇ ನಾನು ಡಾಕ್ಟರ್ ಆದದ್ದು.”

ಆಕೆಗೆ ಅದು ಹೆಮ್ಮೆಯ ಮಾತು. ಆಂಟಿ ಸೆರಗು ಹೊದ್ದುಕೊಂಡು ದೇವರ ಫೋಟೋ ಕಡೆ ನೋಡಿದರು. ಅಂಕಲ್ “ಊಟ ಆರ್ತೈತಿ, ಏಳ್ರಿ ಎಲ್ಲಾರೂ,” ಎಂದರು. ಊಟದ ಪಂಕ್ತಿಯಲ್ಲಿ ಆಕೆಯ ಪಕ್ಕ ನಾನೊಬ್ಬಳೇ ಕೂತಿದ್ದೆ. ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ಆಕೆ ಕೇಳಿದಳು, “ನಾನೇನಾದರೂ ತಪ್ಪು ಹೇಳಿದೆನಾ?”

“ಇಲ್ಲ, ನಿಜ ಹೇಳಿದಿರಿ,” ಅಂದೆ. “ಕೊಡುವವರ ಎದುರು ಅದು ನಡೆಯುವುದಿಲ್ಲ.”

ಆಕೆ ಊರಿಗೆ ಹೋದ ಮೇಲೆ ಅಂಕಲ್ ನನ್ನನ್ನು ಸೆಂಬವಾಂಗ್‌ಗೆ ಕರೆಸಿಕೊಂಡರು. ಗೋದಾಮಿನ ಒಳಗೇ ಗಾಜಿನ ಗೋಡೆಯ ಆಫೀಸು. ಚಹಾ ತರಿಸಿದರು. “ನೋಡು ತಂಗಿ, ನಾ ಕೊಡಂಗಿಲ್ಲ ಅನ್ನಲಿಲ್ಲ. ಆದ್ರ ಹೆಂಡದ್ದು ತಗಸು. ನಮ್ಮಪ್ಪನ ಹೆಸರಿನ ರೊಕ್ಕ ಹೆಂಡದ ಮಡಕ್ಯಾಗ ಹೋಗಬಾರದು. ನಾಳೆ ನಮ್ಮ ಮಂದಿ ಏನಂದಾರು?”

“ಅಂಕಲ್, ರೊಕ್ಕ ಹೆಂಡಕ್ಕಲ್ರೀ, ಬೀಜಕ್ಕ.”

“ಆ ಬೀಜ ಯಾತಕ್ಕ? ಹೆಂಡಕ್ಕ!”

ಮಾತು ತಪ್ಪಾಗಿರಲಿಲ್ಲ, ಅದೇ ಕಷ್ಟ. ಆ ಕಪ್ಪು ರಾಗಿ ಹೆಂಡಕ್ಕೆ ಚೆನ್ನಾಗಿ ಹುಳಿಯುತ್ತದೆ, ಅದಕ್ಕೇ ಮುದುಕಿಯರು ಅದನ್ನು ತಲೆಮಾರಿನಿಂದ ಮಡಕೆಯಲ್ಲಿ ಕಾದುಕೊಂಡು ಬಂದಿದ್ದರು. ಹೆಂಡ ಇಲ್ಲದಿದ್ದರೆ ಆ ಬೀಜ ಎಂದೋ ಕಣ್ಮರೆಯಾಗುತ್ತಿತ್ತು. ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದೆ. ಗಾಜಿನ ಆಚೆ ಅವರ ಕೆಲಸಗಾರರು ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು. ಹಡಗಿಗೆ ಹೋಗುವ ಸಾಮಾನು. ಒಂದು ಸಾಲು ಅಡುಗೆ ಎಣ್ಣೆ. ಉಳಿದದ್ದು ಪೂರ್ತಿ ಬಿಯರು, ವಿಸ್ಕಿ. ಪೆಟ್ಟಿಗೆಯ ಮೇಲೆ ಬಾಟಲಿಯ ಚಿತ್ರ ಕೈಯಷ್ಟಗಲ ಇತ್ತು. ನನ್ನ ಬಾಯಿ ಸುಮ್ಮನಿರುವುದಿಲ್ಲ.

“ಮತ್ತ ಇವು ಏನ್ರಿ ಅಂಕಲ್?”

ಅವರು ತಿರುಗಿ ನೋಡಿದರು. ಒಂದಿಷ್ಟೂ ಮುಖ ಕೆಂಪಾಗಲಿಲ್ಲ. “ಅದು ಬಿಸಿನೆಸ್ಸವಾ. ಇದು ದಾಸೋಹ. ಎರಡೂ ಕೂಡಸ್ಬ್ಯಾಡ.”

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ಮೈಯೆಲ್ಲ ಉರಿದುಹೋಯಿತು. ವಿಸ್ಕಿಯಿಂದ ಬಂದ ದುಡ್ಡು ಪವಿತ್ರ, ಆದರೆ ಅಲ್ಲೆಲ್ಲೋ ಒಬ್ಬ ಮುದುಕಿ ಮೊಮ್ಮಗಳ ಫೀಸಿಗಾಗಿ ಮಡಕೆಯಲ್ಲಿ ರಾಗಿ ನೆನೆಹಾಕಿದರೆ ಅದು ಪಾಪ. ಅಂಕಲ್ ಮಾತ್ರ ಶಾಂತವಾಗಿ ಚಹಾ ಮುಗಿಸಿದರು. ಅವರ ಬಳಿ ಪರಿಹಾರವೂ ಇತ್ತು. “ನಮ್ಮ ಮನಿಯಾಕಿ ಚಲೋ ಐಡಿಯಾ ಕೊಟ್ಟಾಳ. ಆ ಹೆಣ್ಮಕ್ಕಳಿಗೆ ಹೆಂಡ ಬಿಡಿಸಿ ರಾಗಿ ಮಾಲ್ಟ್ ಮಾಡೂದು ಕಲಸೂಣು. ಪ್ಯಾಕೆಟ್ ಮಾಡಿ ಮಾರಲಿ. ಹುಡುಗೂರಿಗೆ ಶಕ್ತಿ ಬರ್ತೈತಿ. ಮಾಲ್ಟಿಗೆ ಬಿಳೀ ರಾಗಿನ ಚಂದ, ಬೀಜ ನಾವಾ ಕಳಸ್ತೀವಿ.”

ಆಫೀಸಿಗೆ ಬಂದು ಬಾಸ್ ಮುಂದೆ ಎಲ್ಲ ಹೇಳಿದೆ. ಅವಳೂ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. “ಅಯ್ಯಾ, ಇದಕ್ಕೇನು? ಬಿಯರ್ ತೆಗೆ, ಮಾಲ್ಟ್ ಹಾಕು. ಅದೂ ರಾಗಿ, ಇದೂ ರಾಗಿ ಲಾ,” ಅಂದಳು. ಯುರೋಪಿನವರ ಗಡುವು ಹತ್ತಿರ ಬಂದಿತ್ತು. ಪೂರಕ ನಿಧಿ ಸಿಕ್ಕಿತು ಎಂದು ತೋರಿಸಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ಯುರೋಪಿನವರಿಗೂ ಅಷ್ಟೇ. ಸಂಶೋಧನೆಯ ಪ್ರಶ್ನೆಯೇ ಬದಲಾಗಿದೆ ಎಂದು ನಾನು ಬರೆದ ಇಮೇಲಿಗೆ ಅವರು, “ಪಾಲುದಾರರ ಒಳನೋಟದಿಂದ ಯೋಜನೆ ಬೆಳೆದಿರುವುದು ಸಂತೋಷ” ಎಂದು ಉತ್ತರ ಬರೆದರು.

ವೀಡಿಯೋ ಕಾಲಿನಲ್ಲಿ ಡಾಕ್ಟರಿಗೆ ಹೇಳುವ ಪಾಡು ನನ್ನದಾಯಿತು. ಆಕೆ ಪೂರ್ತಿ ಕೇಳಿದಳು. “ಬಿಳಿ ರಾಗಿಯನ್ನು ನಮ್ಮ ಮಣ್ಣಿಗೆ ಹಾಕಿದರೆ ಆ ಕಳೆ ಹಬ್ಬ ಮಾಡುತ್ತದೆ. ಇದನ್ನು ಅವರಿಗೆ ಹೇಳಿದಿರಾ?”

“ಹೇಳಿದೆ.”

“ಏನಂದರು?”

“ಗೊಬ್ಬರ ಹಾಕಿದರೆ ಸರಿಹೋಗುತ್ತದೆ ಅಂದರು.”

ಆಕೆ ನಕ್ಕಳು. ಆ ನಗುವಿಗಿಂತ ಬೈದಿದ್ದರೆ ಚೆನ್ನಾಗಿತ್ತು. ತಾನು ಇದಕ್ಕೆ ಸಹಿ ಹಾಕುವುದಿಲ್ಲ ಎಂದು ತನಗೆ ಕೆಲಸ ಕೊಟ್ಟಿದ್ದ ಕೃಷಿ ಕಾಲೇಜಿಗೆ ಬರೆದುಕೊಟ್ಟಳು. ಕಾಲೇಜಿನವರು ಆಕೆಯನ್ನು ಯೋಜನೆಯಿಂದ ತೆಗೆದು ಬೇರೊಬ್ಬರನ್ನು ಕೂರಿಸಿ ಸಹಿ ಹಾಕಿಸಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಂಬಳ ಕೊಡಲು ಪರದಾಡುವ ಕಾಲೇಜು, ಬಂದ ದುಡ್ಡನ್ನು ಬೇಡ ಅನ್ನುವ ಸೊಕ್ಕು ಹೊಟ್ಟೆ ತುಂಬಿದವರಿಗೆ ಮಾತ್ರ. ನಾನು ಯಾಕೆ ಕೆಲಸ ಬಿಡಲಿಲ್ಲ ಎಂದು ಆಮೇಲೆ ಒಬ್ಬರು ಕೇಳಿದರು. ನಾನು ಆ ಊರಲ್ಲಿ ಇದ್ದದ್ದೇ ಕೆಲಸದ ಪಾಸಿನ ಮೇಲೆ. ಕೆಲಸ ಬಿಟ್ಟರೆ ಊರೂ ಬಿಡಬೇಕು. ಕೇಳುವವರಿಗೇನು, ಬಾಯಿ ಬಿಟ್ಟಿ.

ಹೌಗಾಂಗ್‌ನ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ ನಡೆಯಿತು. ಬಾಗಿಲಷ್ಟು ದೊಡ್ಡ ಚೆಕ್ಕಿನ ಹಲಗೆಯನ್ನು ಅಂಕಲ್ ಒಂದು ಕಡೆ, ಬಾಸ್ ಇನ್ನೊಂದು ಕಡೆ ಹಿಡಿದು ನಿಂತರು. ನನಗೆ ಶಾಲು ಹೊದಿಸಿ, ಹಾರ ಹಾಕಿದರು. “ನಮ್ಮ ಮನೀ ಮಗಳು ಆಫ್ರಿಕಾಕ್ಕ ಬೆಳಕು ಒಯ್ದಾಳ,” ಎಂದು ಅಂಕಲ್ ಭಾಷಣ ಮಾಡಿದರು. ಎಲ್ಲರಿಗೂ ಕಾಗದದ ಲೋಟದಲ್ಲಿ ರಾಗಿ ಮಾಲ್ಟ್. ಬಾಸ್ ಒಂದು ಗುಟುಕು ಕುಡಿದು, ಯಾರೂ ನೋಡದ ಹಾಗೆ ಲೋಟವನ್ನು ಕುರ್ಚಿಯ ಕೆಳಗಿಟ್ಟಳು. ನಾನು ನೋಡಿದೆ.

ಬಿಳಿ ರಾಗಿ ಬೀಜ ಆ ಗುಡ್ಡದ ಹಳ್ಳಿಗಳಿಗೆ ಪುಕ್ಕಟೆ ಹೋಯಿತು. ಬೀಜದ ಜೊತೆಗೆ ಗೊಬ್ಬರ, ಗೊಬ್ಬರದ ಜೊತೆಗೆ ಮಾಲ್ಟ್ ತರಬೇತಿ. ಒಂದೇ ಷರತ್ತು, ಇಡೀ ಹೊಲಕ್ಕೆ ಈ ಬೀಜವನ್ನೇ ಬಿತ್ತಬೇಕು, ಹೆಂಡದ ರಾಗಿ ಬಿತ್ತಬಾರದು. ಹೆಂಗಸರು ಒಪ್ಪಿದರು. ಪುಕ್ಕಟೆ ಗೊಬ್ಬರವನ್ನು ಯಾವ ಊರಿನಲ್ಲಿ ಬೇಡ ಅಂದಾರು? ಬಿತ್ತುವುದಕ್ಕೆ ಹೊಲವೇ ಇಲ್ಲವೆಂದ ಮೇಲೆ ಮಡಕೆಯ ಹಳೆಯ ಕಾಳು ಇಟ್ಟುಕೊಂಡು ಏನು ಮಾಡುವುದು? ಆ ವರ್ಷ ಆದ ಮದುವೆಗಳಿಗೆ, ಸಾವುಗಳಿಗೆ ಅದನ್ನು ಹೆಂಡ ಮಾಡಿ ಮುಗಿಸಿದರು. ಹೆಂಡ ನಿಲ್ಲಿಸಲು ಕೊಟ್ಟ ದುಡ್ಡು, ಇದ್ದಬದ್ದ ಬೀಜವನ್ನೆಲ್ಲ ಹೆಂಡ ಮಾಡಿಸಿತು.

ಇದನ್ನು ನನಗೆ ಹೇಳಿದ್ದು ಆ ಡಾಕ್ಟರೇ. ಯೋಜನೆಯಿಂದ ತೆಗೆದುಹಾಕಿದ್ದರೂ ಆಕೆಯ ಕಾಲು ಅಲ್ಲಿಗೆ ಹೋಗದೆ ಇರಲಿಲ್ಲ. ಎರಡನೇ ಬೆಳೆಯ ಹೊತ್ತಿಗೆ ಒಂದು ಫೋಟೋ ತೆಗೆದು ನನಗೂ ನಮ್ಮ ಆಫೀಸಿಗೂ ಕಳಿಸಿದಳು. ಜೊತೆಗೆ “ನೋಡಿ” ಎಂಬ ಒಂದೇ ಮಾತು. ಗುಡ್ಡದ ಇಳಿಜಾರಿನ ಉದ್ದಕ್ಕೂ ನೇರಳೆ ಹೂವು. ಹೂವಿನ ನಡುನಡುವೆ ಗೇಣುದ್ದಕ್ಕೆ ಒಣಗಿ ನಿಂತ ಬಿಳಿ ರಾಗಿ. ನಾನು ಫೋನ್ ಮಾಡಿದೆ. “ಮುದುಕಿಯರ ಮನೆಮನೆಗೆ ಹೋಗಿ ಹಳೆಯ ಬೀಜ ಕೇಳಿದೆ, ಎಲ್ಲ ಮಡಕೆ ತೊಳೆದು ಬೋರಲು ಹಾಕಿದ್ದರು,” ಎಂದಳು. “ಒಂದು ಹಿಡಿಯೂ ಇಲ್ಲ. ಅವರಿಗೆ ನನ್ನ ಮೇಲೇ ಸಿಟ್ಟು. ಮುಗಿಸಬೇಡಿ, ಬರುತ್ತೇನೆ ಅಂದವಳು ನಾನೇ, ಬಾರದೇ ಹೋದವಳೂ ನಾನೇ.” ಆಕೆ ಅಳುತ್ತಿದ್ದಳು. ಇತ್ತ ನನಗೂ ಅಳು. ಆಫೀಸಿನಲ್ಲಿ ಎದುರಿನ ಮೇಜಿನವರು ಮುಖ ತಿರುಗಿಸಿಕೊಂಡರು.

ಆ ಫೋಟೋದ ವಿಷಯ ಏನು ಮಾಡೋಣ ಎಂದು ಬಾಸ್‌ಗೆ ಕೇಳಿದೆ. ಅವಳು ಸ್ಕ್ರೀನಿನ ಹತ್ತಿರ ಮುಖ ತಂದು ನೋಡಿದಳು. “ವಾವ್, ಒಳ್ಳೆ ಕಲರ್ ಲಾ,” ಎಂದಳು. ಯೋಜನೆಯ ಉಳಿದ ಫೋಟೋಗಳ ಜೊತೆ ಅದೂ ಟ್ರಸ್ಟಿಗೆ ಹೋಯಿತು. ಕಳೆಯ ಬಗ್ಗೆ ನಾನು ಬರೆದ ಎರಡು ಪುಟಗಳೂ ಹೋದವು. ಫೋಟೋ ನೋಡಿದರು, ಪುಟಗಳನ್ನು ಯಾರೂ ಓದಲಿಲ್ಲ.

ಹೊಸ ವರ್ಷದ ಮೊದಲ ಪೂಜೆಗೆ ಹೋದಾಗ ಬಾಗಿಲಲ್ಲೇ ಕ್ಯಾಲೆಂಡರ್ ಹಂಚುತ್ತಿದ್ದರು. ಟ್ರಸ್ಟಿನ ಕ್ಯಾಲೆಂಡರ್. ಮೇಲೆ ಅಂಕಲ್ ತಂದೆಯ ಚಿತ್ರ, ಕೆಳಗೆ ಪುಟದ ತುಂಬ ಆ ಗುಡ್ಡ. ಇಳಿಜಾರಿನ ಉದ್ದಕ್ಕೂ ನೇರಳೆ ಹೂವು. ಅದರ ಕೆಳಗೆ ಚಿನ್ನದ ಬಣ್ಣದ ಅಕ್ಷರದಲ್ಲಿ “ಆಫ್ರಿಕಾದಲ್ಲಿ ನಮ್ಮ ದಾಸೋಹ ಅರಳಿದೆ” ಎಂದಿತ್ತು. ನನ್ನ ಕಾಲು ಅಲ್ಲೇ ನಿಂತಿತು. ಹಿಂದಿನವರು “ಒಳಗ ನಡೀರಿ” ಎಂದು ತಳ್ಳಿದರು. ಒಳಗೆ ಅಂಕಲ್ ಹಿಂದಿನ ಗೋಡೆಯ ಮೇಲೆ ಅದೇ ತೂಗುತ್ತಿತ್ತು. ಪ್ರಸಾದದ ತಟ್ಟೆ ಹಿಡಿದವರೆಲ್ಲ ಅದನ್ನು ನೋಡಿ, “ಎಷ್ಟ್ ಛಲೋ ಬಂದೈತಿ ಬೆಳಿ,” ಎನ್ನುತ್ತಿದ್ದರು.

ಆಂಟಿ ನನ್ನ ಕೈ ಹಿಡಿದು ಕ್ಯಾಲೆಂಡರಿನ ಹತ್ತಿರ ಎಳೆದೊಯ್ದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. “ಇದೆಲ್ಲಾ ನಿನ್ನಿಂದಾಗಿದ್ದು ನೋಡವಾ. ಹೂವಾ ಏನ್ ಚಂದ ಅದಾವು! ನಮ್ಮ ಕಾರಿಡಾರಿನ ಕುಂಡದಾಗ ಹಚ್ಚಬೇಕಂತೀನಿ. ಇದರ ಬೀಜ ಸಿಗ್ತಾವೇನು?”

“ಸಿಗ್ತಾವ್ರಿ ಆಂಟಿ,” ಅಂದೆ. “ಬೇಕಾದಷ್ಟು ಸಿಗ್ತಾವು. ಆ ಊರಾಗ ಈಗ ಉಳದದ್ದು ಅದೊಂದ ಬೀಜ.”